ಅರ್ಧ ಸ್ವರ ಇಳಿದಿದ್ದ ಗ್ಯಾರಾರ್ಡ್

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಯೊಂದನ್ನು ಕೆಡವುವ ಮುನ್ನ ಅಲ್ಲಿಂದ ನನ್ನ ಪಾಲಿಗೆ ಬಂದ ಗ್ಯಾರಾರ್ಡ್ ಕಂಪನಿಯ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ತಿರುಗಿಸಿ ನುಡಿಸುವ ಯಂತ್ರ, ಓಡುತ್ತಿತ್ತು. ತೊಂದರೆಯೇ ಅದು. ನಿಂತುಹೋದ ಯಂತ್ರವನ್ನು ರಿಪೇರಿ ಮಾಡಬೇಕೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಓಡುವ ಯಂತ್ರ ತಪ್ಪಾಗಿ ಓಡುತ್ತಿದೆ ಎಂದರೆ ಮನೆಯವರೂ ನಂಬುವುದಿಲ್ಲ, ಮೆಕ್ಯಾನಿಕ್ಕೂ ನಂಬುವುದಿಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಂತೂ ಅದನ್ನು ಮೂಸಿಯೂ ನೋಡದೆ, ‘ಚೆನ್ನಾಗಿಯೇ ಇದೆಯಲ್ಲ, ಹಳೆಯ ಹಾಡು ಹಾಗೆಯೇ ಕೇಳಿಸುವುದು’ ಎಂದು ತೀರ್ಪು ಕೊಟ್ಟು ಕಳಿಸಿದರು.

ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿಯನ್ನು (ಲಾಂಗ್ ಪ್ಲೇ ರೆಕಾರ್ಡನ್ನು) ಅದರ ಮೇಲೆ ಇಟ್ಟಾಗ ನನಗೆ ಕೇಳಿಸಿದ್ದು ಹಳೆಯ ಹಾಡಲ್ಲ, ಜಾರಿದ ಹಾಡು. ಅದೇ ಧ್ವನಿಮುದ್ರಣ ಮೊಬೈಲಿನಲ್ಲಿಯೂ ಇತ್ತು. ಎರಡನ್ನೂ ಒಂದಾದ ಮೇಲೊಂದರಂತೆ ಕೇಳಿದರೆ ಷಡ್ಜದಲ್ಲಿ, ಅಂದರೆ ಹಾಡಿನ ಆಧಾರಸ್ವರವಾದ ‘ಸಾ’ದಲ್ಲಿ, ಹೆಚ್ಚುಕಡಿಮೆ ಅರ್ಧ ಸ್ವರದ ಅಂತರ. ವೇಗ ಇಳಿದಾಗ ಸ್ವರವಷ್ಟೇ ಇಳಿಯುವುದಿಲ್ಲ, ಲಯವೂ ಇಳಿಯುತ್ತದೆ, ಕಂಠವೂ ದಪ್ಪಗಾಗುತ್ತದೆ. ತಾನಿನ (ವೇಗದ ಸ್ವರಗಳ ಓಟದ) ಚುರುಕು ಮಾಯವಾಗುತ್ತದೆ. ವಿಚಿತ್ರವೆಂದರೆ ಇದನ್ನು ಕೇಳಿದವರು ‘ಎಂಥ ಗಂಭೀರ ಧ್ವನಿ’ ಎಂದು ತಲೆದೂಗುತ್ತಾರೆ. ವಿನೈಲ್ ರೆಕಾರ್ಡಿನ ‘ಬೆಚ್ಚನೆಯ ನಾದ’ದ ಬಗ್ಗೆ ನಡೆಯುವ ಮಾತಿನಲ್ಲಿ ಎಷ್ಟು ಪಾಲು ಒಣಗಿದ ಗ್ರೀಸಿನದು ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಹಿಂದೂಸ್ತಾನಿ ಗಾಯನದ ಖಯಾಲ್ ಕೇಳುವವನಿಗೆ ನಾದದ ಬಿಸಿ ತಂಪು ಆಮೇಲಿನದು. ಮೊದಲು ಷಡ್ಜ ಸರಿಯಾದ ಜಾಗದಲ್ಲಿ ಕೂರಬೇಕು.

ವೇಗ ಅಳೆಯಲು ಯಾವ ಉಪಕರಣವೂ ಬೇಕಾಗಿಲ್ಲ. ಎಲ್‌ಪಿ ತಿರುಗಬೇಕಾದುದು ನಿಮಿಷಕ್ಕೆ 33⅓ ಸುತ್ತು, ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ 100. ತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ನೋಡುತ್ತ ಎಣಿಸಿದರೆ ಮುಗಿಯಿತು. ಆದರೆ ರೆಕಾರ್ಡಿನ ಮೇಲೆ ಮುಳ್ಳು ಇಟ್ಟೇ ಎಣಿಸಬೇಕು, ಮುಳ್ಳಿನ ಎಳೆತವೂ ಲೆಕ್ಕಕ್ಕೆ ಸೇರಬೇಕು. ನನ್ನ ಯಂತ್ರ 95ನ್ನು ದಾಟಲಿಲ್ಲ. ವೇಗ ಶೇ 6ರಷ್ಟು ಬದಲಾದರೆ ಪೂರ್ಣ ಅರ್ಧ ಸ್ವರ ಸರಿಯುತ್ತದೆ. ಕಿವಿ ಹೇಳಿದ್ದನ್ನು ಗಡಿಯಾರವೂ ಒಪ್ಪಿತು.

ಇದು ಬೆಲ್ಟ್ ಇರುವ ಯಂತ್ರವಲ್ಲ. ಮೋಟಾರಿನ ದಂಡದ ಮೇಲೆ ಮೆಟ್ಟಿಲು ಮೆಟ್ಟಿಲಾದ ಹಿತ್ತಾಳೆಯ ಪುಲ್ಲಿ ಇದೆ, ಒಂದೊಂದು ಮೆಟ್ಟಿಲು ಒಂದೊಂದು ವೇಗಕ್ಕೆ. ಆ ಪುಲ್ಲಿಗೂ ತಟ್ಟೆಯ ಒಳಅಂಚಿಗೂ ನಡುವೆ ರಬ್ಬರ್ ಅಂಚಿನ ಐಡ್ಲರ್ ಚಕ್ರವೊಂದು ಒತ್ತಿಕೊಂಡು ನಿಂತು, ತಿರುಗುವಿಕೆಯನ್ನು ಇಲ್ಲಿಂದ ಅಲ್ಲಿಗೆ ದಾಟಿಸುತ್ತದೆ. ರಬ್ಬರ್ ಸವೆದು ಚಕ್ರ ಚಿಕ್ಕದಾದ್ದರಿಂದ ವೇಗ ತಗ್ಗಿದೆ ಎಂದು ಬಹಳ ಮಂದಿ ಹೇಳುತ್ತಾರೆ. ಅದು ಸುಳ್ಳು. ನಡುವಿನ ಚಕ್ರ ಚಿಕ್ಕದಾಗಲಿ ದೊಡ್ಡದಾಗಲಿ, ಪುಲ್ಲಿಯ ಅಂಚು ಎಷ್ಟು ಸರಿಯುತ್ತದೆಯೋ ತಟ್ಟೆಯ ಅಂಚೂ ಅಷ್ಟೇ ಸರಿಯುತ್ತದೆ. ವೇಗವನ್ನು ನಿರ್ಧರಿಸುವುದು ಪುಲ್ಲಿಯ ವ್ಯಾಸ ಮತ್ತು ತಟ್ಟೆಯ ಒಳವ್ಯಾಸ ಮಾತ್ರ. ಹಾಗಾದರೆ ನಿಧಾನವಾಗಲು ಎರಡೇ ದಾರಿ: ಒಂದೋ ರಬ್ಬರ್ ಜಾರುತ್ತಿದೆ, ಇಲ್ಲವೇ ಮೋಟಾರೇ ತಿಣುಕುತ್ತಿದೆ. ವೋಲ್ಟೇಜಿನ ಮೇಲೆ ಗೂಬೆ ಕೂರಿಸುವುದೂ ಸುಲಭ. ಆದರೆ ಇದು ಇಂಡಕ್ಷನ್ ಮೋಟಾರ್. ಅದರ ವೇಗಕ್ಕೆ ಮೂಲ ವಿದ್ಯುತ್ತಿನ 50 ಹರ್ಟ್ಸ್ ಆವರ್ತನ. ವೋಲ್ಟೇಜ್ ಸ್ವಲ್ಪ ಕುಸಿದರೂ ಹೊರೆ ಹಗುರವಾಗಿದ್ದರೆ ಅದು ತನ್ನ ವೇಗವನ್ನು ಹಿಡಿದುಕೊಳ್ಳುತ್ತದೆ. ಹೊರೆ ಹೆಚ್ಚಾದಾಗ ಮಾತ್ರ ಹಿಂದೆ ಬೀಳುತ್ತದೆ.

ಪ್ಲಗ್ ಕಿತ್ತು, ಮಧ್ಯದ ಕ್ಲಿಪ್ ತೆಗೆದು, ತಟ್ಟೆಯನ್ನು ಎತ್ತಿದೆ. ಮೋಟಾರಿನ ಪುಲ್ಲಿಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ಬಿಟ್ಟರೆ ಅದು ತಾನಾಗಿ ಕೆಲವು ಸುತ್ತು ಓಡಬೇಕು. ಇದು ಬಿಟ್ಟ ಜಾಗದಲ್ಲಿಯೇ ನಿಂತಿತು. ಐಡ್ಲರ್ ಚಕ್ರದ ಅಂಚು ಗಾಜಿನಂತೆ ಹೊಳೆಯುತ್ತಿತ್ತು, ಉಗುರು ಒತ್ತಿದರೂ ಗುರುತು ಮೂಡಲಿಲ್ಲ. ಒಂದು ಕಡೆ ಸಣ್ಣ ತಗ್ಗು ಬೇರೆ. ಯಂತ್ರವನ್ನು ‘ಆನ್’ ಸ್ಥಿತಿಯಲ್ಲಿಯೇ ಬಿಟ್ಟು ವರ್ಷಗಟ್ಟಲೆ ಮೂಲೆಗೆ ಸರಿಸಿದಾಗ ಪುಲ್ಲಿ ರಬ್ಬರನ್ನು ಒತ್ತಿಕೊಂಡೇ ಇದ್ದು ಹೀಗಾಗುತ್ತದೆ. ಆ ತಗ್ಗೇ ಸುತ್ತುಸುತ್ತಿಗೂ ‘ಧಡ್’ ಎಂದು ಸ್ಪೀಕರಿನಲ್ಲಿ ತಬಲಾದವನಿಗೆ ಗೊತ್ತಿಲ್ಲದ ಠೇಕಾ ಹಾಕುತ್ತಿತ್ತು.

ಮೋಟಾರನ್ನು ಬಿಚ್ಚುವ ಕೆಲಸ ಈ ಇಡೀ ರಿಪೇರಿಯ ಹೃದಯ, ಅದಕ್ಕಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಿಚ್ಚುವ ಮೊದಲು ಮೇಲಿನ ಮತ್ತು ಕೆಳಗಿನ ತಗಡುಗಳ ಮೇಲೆ ಚೂಪಾದ ಮೊಳೆಯಿಂದ ಗುರುತು ಗೀರಿಕೊಳ್ಳಬೇಕು. ಮತ್ತೆ ಅದೇ ದಿಕ್ಕಿನಲ್ಲಿ ಕೂರಿಸದಿದ್ದರೆ ದಂಡ ಬಿಗಿಯಾಗುತ್ತದೆ. ಒಳಗಿರುವ ಬೇರಿಂಗು ಗುಂಡುಗಳದ್ದಲ್ಲ, ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಬುಶ್. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಆ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತದೆ, ದಂಡ ತಿರುಗಿ ಬಿಸಿಯಾದಾಗ ಹೊರಬರುತ್ತದೆ, ತಣಿದಾಗ ಒಳಸೇರುತ್ತದೆ. ದಶಕಗಳ ನಂತರ ಆ ಎಣ್ಣೆ ಕಂದು ಬಣ್ಣದ ಮೇಣವಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿದೆ.

ಇಲ್ಲಿಗೆ ನಿಲ್ಲಿಸಿ ಎರಡು ಹನಿ ಎಣ್ಣೆ ಬಿಟ್ಟು ಮುಚ್ಚಿದರೆ ಮೋಟಾರು ಕೆಲವು ವಾರ ಸೊಗಸಾಗಿ ಓಡಿ ಮತ್ತೆ ಬಿಗಿಯುತ್ತದೆ. ತೊಳೆದಾಗ ರಂಧ್ರಗಳೊಳಗಿನ ಎಣ್ಣೆಯೂ ಹೋಗಿರುತ್ತದೆ, ಅದನ್ನು ಮರಳಿ ತುಂಬಬೇಕು. ಸ್ಟೀಲಿನ ಬಟ್ಟಲಿನಲ್ಲಿ ಐಎಸ್‌ಒ 68 ದರ್ಜೆಯ ಟರ್ಬೈನ್ ಎಣ್ಣೆ ಹಾಕಿ, ಬುಶ್‌ಗಳನ್ನು ಮುಳುಗಿಸಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ. ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಗಾಳಿ ಹೊರಗೆ, ಎಣ್ಣೆ ಒಳಗೆ. ಗುಳ್ಳೆ ನಿಂತ ಮೇಲೂ ಬುಶ್‌ಗಳನ್ನು ಅದೇ ಎಣ್ಣೆಯಲ್ಲಿ ತಣ್ಣಗಾಗಲು ಬಿಡಬೇಕು, ತಣಿಯುವಾಗಲೇ ಅವು ಎಣ್ಣೆಯನ್ನು ಹೆಚ್ಚು ಹೀರುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕೆ ತೀರ ತೆಳುವು. ಅಡುಗೆಮನೆಯ ಕೊಬ್ಬರಿ ಎಣ್ಣೆ ಹಾಕುವವರನ್ನೂ ನೋಡಿದ್ದೇನೆ, ಅವರಿಗೆ ದೇವರೇ ಗತಿ. ಜೋಡಿಸಿದ ಮೇಲೆ ಮೋಟಾರನ್ನು ಓಡಿಸುತ್ತಲೇ ಸ್ಕ್ರೂ ಡ್ರೈವರಿನ ಮರದ ಹಿಡಿಯಿಂದ ಚೌಕಟ್ಟನ್ನು ಮೆಲ್ಲಗೆ ತಟ್ಟಿದೆ. ಬುಶ್‌ಗಳು ತಮ್ಮ ಜಾಗದಲ್ಲಿ ಸ್ವಲ್ಪ ಹೊರಳಿ ದಂಡದ ನೇರಕ್ಕೆ ಕೂರುತ್ತವೆ, ಆಗ ಮೋಟಾರಿನ ಗುಂಯ್‌ಗುಡುವಿಕೆ ಒಮ್ಮೆಲೇ ಇಳಿಯುತ್ತದೆ. ಕೈಯಲ್ಲಿ ತಿರುಗಿಸಿ ಬಿಟ್ಟರೆ ಪುಲ್ಲಿ ಈಗ ಸಾಕು ಸಾಕೆನ್ನುವವರೆಗೆ ಸುತ್ತುತ್ತಿತ್ತು.

ವೈರಿನ ಕೆಲಸವನ್ನು ಇದೇ ಹೊತ್ತಿನಲ್ಲಿ ಮುಗಿಸಿದೆ. ಹಳೆಯ ರಬ್ಬರ್ ಹೊದಿಕೆಯ ವೈರು ಮುಟ್ಟಿದರೆ ಉದುರುತ್ತಿತ್ತು. ಸ್ವಿಚ್ಚಿಗೆ ಅಡ್ಡವಾಗಿದ್ದ, ಕಿಡಿ ತಡೆಯುವ ಕೆಪಾಸಿಟರನ್ನು ತೆಗೆದು, ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಲು ತಕ್ಕ ಎಕ್ಸ್2 ದರ್ಜೆಯದನ್ನು ಹಾಕಿದೆ. ಮೂರು ಪಿನ್ನಿನ ಪ್ಲಗ್, ಚಾಸಿಸ್‌ಗೆ ಅರ್ತ್. ಇದರಲ್ಲಿ ಹಿರಿಮೆಯೇನೂ ಇಲ್ಲ, ಆದರೆ ಇದನ್ನು ಬಿಟ್ಟು ಸಂಗೀತ ಕೇಳುವುದು ಬೇಡ.

ಐಡ್ಲರ್ ಚಕ್ರಕ್ಕೆ ಮಾತ್ರ ಮನೆಯಲ್ಲಿ ಉಪಾಯವಿರಲಿಲ್ಲ. ಸಣ್ಣ ಮರಳು ಕಾಗದದಿಂದ ಉಜ್ಜಿದರೆ ಹೊಳಪು ಹೋಗುತ್ತದೆ, ಕಲ್ಲಾದ ರಬ್ಬರು ಮೆತ್ತಗಾಗುವುದಿಲ್ಲ. ವಿದೇಶದಿಂದ ತರಿಸುವ ಬೆಲೆ ನೋಡಿ ಸುಮ್ಮನಾದೆ. ಆಮೇಲೆ ಹೊಳೆದದ್ದು ಗದಗ. ಗದಗ-ಬೆಟಗೇರಿ ಮುದ್ರಣಾಲಯಗಳ ಊರು. ಮುದ್ರಣ ಯಂತ್ರವಿದ್ದಲ್ಲಿ ರಬ್ಬರ್ ರೋಲರು ಇರುತ್ತದೆ, ರೋಲರು ಇದ್ದಲ್ಲಿ ಅದಕ್ಕೆ ಮತ್ತೆ ರಬ್ಬರು ಹೊದಿಸುವುದು ಬಲ್ಲವರೂ ಇರುತ್ತಾರೆ. ಮಸಿ ಹಚ್ಚುವ ರೋಲರಿಗೆ ಬೇಕಾದುದೂ ನನ್ನ ಚಕ್ರಕ್ಕೆ ಬೇಕಾದುದೂ ಒಂದೇ: ಮೆತ್ತಗಿರಬೇಕು, ಎಣ್ಣೆಗೆ ಊದಬಾರದು, ಸುತ್ತಳತೆ ಎಲ್ಲಿಯೂ ಕೂದಲೆಳೆಯಷ್ಟೂ ಓರೆಯಾಗಬಾರದು. ಅಂಗೈಯಲ್ಲಿ ಹಿಡಿಯುವ ಪುಟ್ಟ ಚಕ್ರವನ್ನು ಕಂಡು ಕೆಲಸಗಾರರು ಮೊದಲು ನಕ್ಕರು. ಭೀಮಸೇನ ಜೋಶಿಯವರ ರೆಕಾರ್ಡ್ ಕೇಳುವ ಯಂತ್ರದ್ದು ಎಂದೊಡನೆ ನಗು ನಿಂತು ಕುರ್ಚಿ ಬಂತು. ರೋಣದಲ್ಲಿ ಹುಟ್ಟಿದವರ ಹೆಸರಿಗೆ ಆ ಜಿಲ್ಲೆಯಲ್ಲಿ ಇನ್ನೂ ಅಷ್ಟು ಬೆಲೆಯಿದೆ. ಹುಡುಗ ಭೀಮಸೇನ ರೆಕಾರ್ಡ್ ಕೇಳಿ ಮನೆಬಿಟ್ಟ ಕಥೆಯನ್ನು ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ನನಗೆ ಹೇಳಿದರು. ನಿಮಗೂ ಗೊತ್ತಿರುತ್ತದೆ, ಬಿಟ್ಟುಬಿಡುತ್ತೇನೆ.

ಹಳೆಯ ರಬ್ಬರು ಕೆರೆದು, ಹೊಸದನ್ನು ಬೇಯಿಸಿ ಹೊದಿಸಿ, ಚಕ್ರದ ಸ್ವಂತ ಬುಶ್‌ ಅನ್ನೇ ಕೇಂದ್ರವಾಗಿಟ್ಟುಕೊಂಡು ಕಲ್ಲಿನಿಂದ ಸಾಣೆ ಹಿಡಿದು ಕೊಟ್ಟರು. ನಾನು ಒತ್ತಿ ಹೇಳಿದ್ದು ಈ ಕೇಂದ್ರದ ವಿಷಯವೊಂದನ್ನೇ. ಹೊರ ಅಂಚಿನಿಂದ ಹಿಡಿದು ಸಾಣೆ ಮಾಡಿದರೆ ಚಕ್ರ ದುಂಡಗಿದ್ದರೂ ದಂಡದ ಮೇಲೆ ಅದು ಕುಂಟುತ್ತದೆ. ಮೊದಲೇ ಹೇಳಿದಂತೆ ವ್ಯಾಸ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಓರೆ ಮಾತ್ರ ನಡೆಯುವುದಿಲ್ಲ. ದೀರ್ಘವಾಗಿ ನಿಂತ ಸ್ವರದಲ್ಲಿ ಓರೆ ಕೂಡಲೇ ಸಿಕ್ಕಿಬೀಳುತ್ತದೆ. ಸಿನಿಮಾ ಹಾಡಿನಲ್ಲಿ ಗೊತ್ತಾಗದ ಅಲುಗಾಟ ತಾನಪುರದಲ್ಲಿ ಗೊತ್ತಾಗುತ್ತದೆ.

ಈಗ ಸೂಕ್ಷ್ಮ ಅಳತೆ. 180 ಕಪ್ಪು ಗೆರೆಗಳ ವೃತ್ತವೊಂದನ್ನು ಮುದ್ರಿಸಿಕೊಂಡೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ; 33⅓ರಲ್ಲಿ ಸೆಕೆಂಡಿಗೆ 100 ಗೆರೆಗಳು ಹಾದುಹೋಗುತ್ತವೆ; ಎರಡೂ ಸರಿಹೊಂದಿದರೆ ಗೆರೆಗಳು ನಿಂತಂತೆ ಕಾಣುತ್ತವೆ. ಗೆರೆಗಳು ಸೆಕೆಂಡಿಗೆ ಒಂದರಂತೆ ಹಿಂದೆ ಸರಿದರೆ ವೇಗ ಶೇ 1ರಷ್ಟು ಕಡಿಮೆ ಎಂದು ಅರ್ಥ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳಿಗೆ, ಅಂದರೆ 78ಗಳಿಗೆ, 77 ಗೆರೆಗಳು ಬೇಕು. ಈಗಿನ ಅನೇಕ ಎಲ್‌ಇಡಿ ಬಲ್ಬುಗಳ ಬೆಳಕು ಮಿನುಗುವುದೇ ಇಲ್ಲ, ಅವುಗಳ ಕೆಳಗೆ ಬರೀ ಬೂದು ಬಣ್ಣ ಕಾಣುತ್ತದೆ. ಹಳೆಯ ಸ್ವಿಚ್‌ಬೋರ್ಡಿನ ಕೆಂಪು ಇಂಡಿಕೇಟರ್ ದೀಪವನ್ನು ಕಿತ್ತು ಡಬ್ಬಿಯೊಂದರಲ್ಲಿ ಕೂರಿಸಿಕೊಂಡೆ. ಅದರ ಬೆಳಕಿನಲ್ಲಿ ನನ್ನ ಗೆರೆಗಳು ಮುಂದಕ್ಕೆ ಬಹು ನಿಧಾನವಾಗಿ ತೆವಳುತ್ತಿದ್ದವು. ಅರ್ಧ ಶೇಕಡಾಕ್ಕಿಂತ ಕಡಿಮೆ. ಸಾಕು.

ಮುಳ್ಳಿನ ಕಡೆ ಬಂದರೆ, ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಮೂಲ ಸೆರಾಮಿಕ್ ಕಾರ್ಟ್ರಿಜ್ ಸತ್ತಿರಲಿಲ್ಲ, ಆದರೆ ಅದು ರೆಕಾರ್ಡಿನ ಮೇಲೆ ಐದಾರು ಗ್ರಾಂ ಭಾರ ಹಾಕುತ್ತಿತ್ತು. ಆ ಕಾಲಕ್ಕೆ ಅದು ಸಾಮಾನ್ಯ. ನನ್ನಲ್ಲಿರುವ ಎಲ್‌ಪಿಗಳು ಈಗಾಗಲೇ ಸಾಕಷ್ಟು ಉಳುಮೆ ಕಂಡಿವೆ, ಇನ್ನು ಬೇಡ. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಹಾಕಿದೆ. ಒಂದೇ ದೇಹಕ್ಕೆ ಬೇರೆ ಬೇರೆ ಮುಳ್ಳು ಸಿಕ್ಕಿಸಬಹುದು ಎಂಬುದೇ ಅದರ ದೊಡ್ಡ ಗುಣ: ಎಲ್‌ಪಿಗೆ 2 ಗ್ರಾಂ ಭಾರದ ಸಣ್ಣ ಮುಳ್ಳು, 78ಕ್ಕೆ 5 ಗ್ರಾಂ ಭಾರದ ದಪ್ಪ ಮುಳ್ಳು. 78ರಲ್ಲಿ ಮುಳ್ಳು ಓಡುವ ಗೀರು ಎಲ್‌ಪಿಯ ಗೀರಿಗಿಂತ ಸುಮಾರು ಮೂರು ಪಟ್ಟು ಅಗಲ. ಅದರಲ್ಲಿ ಎಲ್‌ಪಿಯ ಮುಳ್ಳು ತಳಕ್ಕೆ ಬಿದ್ದು ಕಸವನ್ನೇ ಓದುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಎಂದರೆ ಅದರ ಕ್ಷೀಣ ಸಂಕೇತವನ್ನು ಹಿಗ್ಗಿಸುವ, 47 ಕಿಲೋ ಓಮ್‌ನ ಫೋನೋ ಪ್ರಿ-ಆಂಪ್ಲಿಫೈಯರೂ ಬೇಕು. ಅದರಲ್ಲಿ ಎರಡು ಚಾನೆಲ್‌ಗಳನ್ನು ಒಂದಾಗಿಸುವ ಮೋನೋ ಸ್ವಿಚ್ಚನ್ನು ನಾನೇ ಸೇರಿಸಿದೆ. ಎಚ್‌ಎಂವಿಯ ಹಳೆಯ ಶಾಸ್ತ್ರೀಯ ಎಲ್‌ಪಿಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದು ಶುರುವಾಗುವ ಸಂಖ್ಯೆಯವು ಮೋನೋ. ಇಎಎಸ್‌ಡಿ, ಇಸಿಎಸ್‌ಡಿ ಸ್ಟೀರಿಯೋ. ಮೋನೋ ರೆಕಾರ್ಡಿನಲ್ಲಿ ಸಂಗೀತವೆಲ್ಲ ಅಡ್ಡ ಅಲುಗಾಟದಲ್ಲಿರುತ್ತದೆ. ಮೇಲೆ ಕೆಳಗಿನ ಅಲುಗಾಟವೆಲ್ಲ ಧೂಳು, ಗೀಚು, ಮೋಟಾರಿನ ನಡುಕ. ಎರಡು ಚಾನೆಲ್‌ಗಳನ್ನು ಕೂಡಿಸಿದರೆ ಆ ಮೇಲೆ ಕೆಳಗಿನದು ಪರಸ್ಪರ ಕಳೆದುಹೋಗುತ್ತದೆ. ಈ ಒಂದು ಸ್ವಿಚ್ಚಿಗೆ ಖರ್ಚಾದಷ್ಟು ಕಡಿಮೆ ಹಣದಲ್ಲಿ ಇಷ್ಟು ಲಾಭ ಮತ್ತೆಲ್ಲಿಯೂ ಸಿಗಲಿಲ್ಲ.

ತೊಳೆಯುವ ವಿಷಯದಲ್ಲಿ ಒಂದೇ ಎಚ್ಚರಿಕೆ. ವಿನೈಲ್ ಎಲ್‌ಪಿಗೆ ಡಿಸ್ಟಿಲ್ಡ್ ನೀರಿನಲ್ಲಿ ಐದನೇ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು. 78ಕ್ಕೆ ಒಂದು ಹನಿಯೂ ಕೂಡದು, ಅದು ಅರಗಿನ ತಟ್ಟೆ, ಆಲ್ಕೋಹಾಲಿನಲ್ಲಿ ಅರಗು ಕರಗುತ್ತದೆ. ಬ್ಯಾಟರಿ ಅಂಗಡಿಯ ನೀರು ಕೊಳ್ಳುವುದಾದರೆ ಆಮ್ಲ ಬೆರೆತದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಧಾರವಾಡದ ಮನೆಗಳಿಂದ ಬಂದ ರೆಕಾರ್ಡುಗಳನ್ನು ತೊಳೆದ ನೀರು ಕೆಂಪಗೆ, ಗದಗದ ಕಡೆಯವುಗಳ ನೀರು ಕಪ್ಪಗೆ. ಎರೆಮಣ್ಣು ಕೆಮ್ಮಣ್ಣು ಎರಡರಲ್ಲಿ ಎರೆಯೇ ಹಠಮಾರಿ, ಗೀರಿನೊಳಗೆ ಕೂತರೆ ಎರಡು ಸಲ ತೊಳೆಯಬೇಕು.

ಇಷ್ಟರಲ್ಲಿ ಎಲ್‌ಪಿಗಳ ಕಥೆ ಮುಗಿಯಿತು. 78ಗಳದು ಬೇರೆ. ಅವುಗಳ ಮೇಲೆ 78 ಎಂದು ಬರೆದಿದ್ದರೂ 1930ರ ದಶಕದವರೆಗಿನ ಎಷ್ಟೋ ತಟ್ಟೆಗಳನ್ನು ಕತ್ತರಿಸಿದಾಗ ಯಂತ್ರ ಅದೇ ವೇಗದಲ್ಲಿತ್ತೆಂದು ನೆಚ್ಚಲಾಗದು. ನನ್ನ ಈ ಗ್ಯಾರಾರ್ಡಿನಲ್ಲಿ ವೇಗವನ್ನು ಚೂರು ಏರಿಸುವ, ಇಳಿಸುವ ಗುಂಡಿ ಇಲ್ಲ. ಮೋಟಾರು ಆವರ್ತನವನ್ನು ಅನುಸರಿಸುತ್ತದೆ ಎಂದಾದರೆ ಆವರ್ತನವನ್ನೇ ನಾನು ಕೊಟ್ಟರಾಯಿತು. ಮೊಬೈಲಿನಲ್ಲಿ ಸೈನ್ ಅಲೆ ಹೊರಡಿಸುವ ಆ್ಯಪ್, ಅದರಿಂದ ಹಳೆಯ ಆಂಪ್ಲಿಫೈಯರು, ಆಂಪ್ಲಿಫೈಯರಿನ ಸ್ಪೀಕರ್ ತುದಿಗೆ ತಿರುಗುಮುರುಗು ಜೋಡಿಸಿದ 12 ವೋಲ್ಟಿನ ಟ್ರಾನ್ಸ್‌ಫಾರ್ಮರು, ಅದರ 230 ವೋಲ್ಟಿನ ಕಡೆಗೆ ಮೋಟಾರು. ಮೀಟರು ಹಿಡಿದು ವೋಲ್ಟೇಜ್ 220ರ ಆಸುಪಾಸು ಬರುವಷ್ಟು ವಾಲ್ಯೂಮ್ ಏರಿಸಿದೆ. 50 ಹರ್ಟ್ಸ್‌ಗೆ 78 ಸುತ್ತಾದರೆ 51.3ಕ್ಕೆ 80. ಟ್ರಾನ್ಸ್‌ಫಾರ್ಮರಿನಿಂದ ಹೊರಬರುವುದು ಕೊಲ್ಲುವ ವೋಲ್ಟೇಜು, ಆದ್ದರಿಂದ ಅದೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ. ಮೊಬೈಲನ್ನು ಏರೋಪ್ಲೇನ್ ಸ್ಥಿತಿಯಲ್ಲಿಡಬೇಕು, ಇಲ್ಲದಿದ್ದರೆ ಯಾರಾದರೂ ಕರೆ ಮಾಡಿದಾಗ ರಿಂಗ್‌ಟೋನ್ ಮೋಟಾರಿಗೆ ಹೋಗುತ್ತದೆ. ನಿಯಾನ್ ದೀಪ ಮಾತ್ರ ಗೋಡೆಯ ಪ್ಲಗ್ಗಿನಲ್ಲಿಯೇ ಇರಬೇಕು. ಅದನ್ನೂ ಇದೇ ಪೆಟ್ಟಿಗೆಗೆ ಸಿಕ್ಕಿಸಿದರೆ ತಪ್ಪು ವೇಗದಲ್ಲಿಯೂ ಗೆರೆಗಳು ಶಾಂತವಾಗಿ ನಿಂತು ಮೋಸ ಮಾಡುತ್ತವೆ.

ಇದನ್ನೆಲ್ಲ ಕಟ್ಟಿದ್ದು ಮುಖ್ಯವಾಗಿ ಒಂದು ತಟ್ಟೆಗಾಗಿ. ಗಂಗೂಬಾಯಿ ಹಾನಗಲ್ ಅವರು ಮೊದಮೊದಲು ಎಚ್‌ಎಂವಿಗೆ ಹಾಡಿದಾಗ ಲೇಬಲ್ಲಿನ ಮೇಲೆ ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿತ್ತು. ಆಗಿನ ಕಂಠ ಎತ್ತರದ್ದು, ತೆಳುವಾದದ್ದು. ಗಂಟಲಿನ ತೊಂದರೆಯ ನಂತರ ನಾವೆಲ್ಲ ಬಲ್ಲ ಆ ಆಳದ ಕಂಠ ಬಂತು. ಆಳದ ಕಂಠಕ್ಕೆ ಒಗ್ಗಿದ ಕಿವಿಗೆ ಗಾಂಧಾರಿಯ ತಟ್ಟೆ ಕೇಳಿದೊಡನೆ ‘ವೇಗ ಹೆಚ್ಚಾಗಿದೆ, ಇಳಿಸು’ ಎನ್ನಿಸುತ್ತದೆ. ಇಳಿಸಿದರೆ ಪರಿಚಿತ ಧ್ವನಿ ಹತ್ತಿರ ಬರುತ್ತದೆ ಕೂಡ. ಅಂದರೆ ಇಲ್ಲಿ ಕಂಠವನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ.

ಸಾಕ್ಷಿ ಹೇಳಬೇಕಾದುದು ಹಿಂದೆ ಕೂತ ಹಾರ್ಮೋನಿಯಂ. ತಾನಪುರವನ್ನು ಎಲ್ಲಿಗಾದರೂ ಶ್ರುತಿ ಮಾಡಬಹುದು, ಹಾರ್ಮೋನಿಯಂ ರೀಡುಗಳನ್ನು ಹಾಡುವ ಮುನ್ನ ಯಾರೂ ಕೆರೆಯುವುದಿಲ್ಲ. ಗಾಯಕಿಯ ಷಡ್ಜ ಅದರ ಕಪ್ಪು ಮನೆಯಲ್ಲೋ ಬಿಳಿ ಮನೆಯಲ್ಲೋ (ಒತ್ತುವ ಕೀಲಿಯಲ್ಲಿ) ಇರಲೇಬೇಕು, ಎರಡು ಮನೆಗಳ ನಡುವಿನ ಸಂದಿಯಲ್ಲಿ ಇರಲಾರದು. 78ರ ವೇಗದಲ್ಲಿ ನನ್ನ ತಟ್ಟೆಯ ಷಡ್ಜ ಅಂಥ ಸಂದಿಯಲ್ಲಿತ್ತು. ಆವರ್ತನವನ್ನು ಹತ್ತನೇ ಒಂದು ಹರ್ಟ್ಸ್‌ನಂತೆ ಏರಿಸುತ್ತ ಹೋದೆ, ಇಳಿಸುತ್ತ ಬಂದೆ. ಏರಿಸಿದರೂ ಒಂದು ಮನೆ ಸಿಗುತ್ತದೆ, ಇಳಿಸಿದರೂ ಒಂದು ಮನೆ ಸಿಗುತ್ತದೆ. ಯಾವುದು ಸರಿ? ಇಳಿಸಿದ ಕಡೆ ತಬಲಾದ ಪೆಟ್ಟು ಮಂಕಾಗಿತ್ತು, ಮಾತಿನ ವ್ಯಂಜನಗಳು ಎಳೆದಂತಿದ್ದವು. ಏರಿಸಿದ ಕಡೆ ಮಾತು ಮಾತಾಗಿ ಕೇಳಿಸಿತು, ಕಂಠ ಮಾತ್ರ ಅಪರಿಚಿತ. ನಾನು ಅಪರಿಚಿತ ಕಂಠವನ್ನೇ ಆರಿಸಿಕೊಂಡೆ.

ಹಾರ್ಮೋನಿಯಂ ಕಲಿಸುವ ಗೆಳೆಯರೊಬ್ಬರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹಳೆಯ ಹಾರ್ಮೋನಿಯಂಗಳೆಲ್ಲ ಇಂದಿನ 440 ಹರ್ಟ್ಸ್‌ನ ಶ್ರುತಿ ಅಳತೆಗೆ ಕೂಡಿರಲಿಲ್ಲ, ಹಾಗಾಗಿ ನಿನ್ನ ‘ಸಂದಿ’ಯೇ ಅಂದಿನ ಮನೆಯಾಗಿದ್ದಿರಬಹುದು ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಅದಕ್ಕಾಗಿ ಅದೇ ಕಾಲದ, ಅದೇ ಕಂಪನಿಯ ಬೇರೆ ತಟ್ಟೆಗಳ ಷಡ್ಜವನ್ನೂ ಅಳೆದು, ಆ ಹಾರ್ಮೋನಿಯಂಗಳು ಒಂದೇ ಕಡೆಗೆ ಇಳಿಯುತ್ತವೆಯೋ ನೋಡಬೇಕೆಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ. ಅಲ್ಲಿಯವರೆಗೆ ಪ್ರತಿ 78ರ ಕವಚದ ಮೇಲೂ ಪೆನ್ಸಿಲಿನಲ್ಲಿ ಎರಡು ಆವರ್ತನ ಬರೆದಿಡುತ್ತಿದ್ದೇನೆ, ಒಂದು ನನ್ನದು, ಒಂದು ಅವರದು. ಯಂತ್ರದಲ್ಲಿ ಉಳಿದಿರುವುದು ರೆಕಾರ್ಡ್ ಮುಗಿದಾಗ ಮುಳ್ಳಿನ ತೋಳನ್ನು ತಾನಾಗಿ ಹಿಂದೆ ಒಯ್ಯುವ ಕ್ಯಾಮ್ ಚಕ್ರದ ಗಟ್ಟಿ ಗ್ರೀಸು. ಅದನ್ನು ಕೆರೆದು ತೆಗೆದಿದ್ದೇನೆ, ಹೊಸದನ್ನು ಇನ್ನೂ ಹಾಕಿಲ್ಲ. 78ರ ಬದಿ ಮೂರು ನಿಮಿಷಕ್ಕೇ ಮುಗಿಯುವುದರಿಂದ ಹೇಗೂ ಪಕ್ಕದಲ್ಲಿಯೇ ಕೂತಿರುತ್ತೇನೆ.